ಶಾಲೆಯ ಕಂಪ್ಯೂಟರ್ ಲ್ಯಾಬ್ ವಿಂಡೋಸ್ ಬಿಡಲು ಯಾಕೆ ಒದ್ದಾಡುತ್ತದೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ ನಿಲ್ಲಿಸಿತು. ಸುದ್ದಿ ಬಂದಾಗಿನಿಂದ ಶಾಲೆಗಳಲ್ಲಿ ಗೊಂದಲ ಶುರುವಾಗಿದೆ. ಲ್ಯಾಬ್‌ನಲ್ಲಿರುವ ಕಂಪ್ಯೂಟರ್‌ಗಳು ನಿಂತುಹೋಗ್ತವಾ? ಹೊಸದು ಕೊಳ್ಳಲೇಬೇಕಾ? ವಿಂಡೋಸ್ ತೆಗೆದು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಸಿದರೆ ಸಾಕು ಅಂತ ಕೆಲವರು ಹೇಳ್ತಾರಲ್ಲ, ಅದು ನಿಜವಾ?

ಕಂಪ್ಯೂಟರ್ ನಿಲ್ಲುವುದಿಲ್ಲ. ಗುಂಡಿ ಒತ್ತಿದರೆ ನಿನ್ನೆಯಂತೆಯೇ ಆನ್ ಆಗುತ್ತದೆ. ಭದ್ರತಾ ಅಪ್‌ಡೇಟ್‌ಗಳು ಮಾತ್ರ ಬರುವುದಿಲ್ಲ. ಅಂದರೆ ಹೊಸದಾಗಿ ಪತ್ತೆಯಾಗುವ ತೂತುಗಳನ್ನು ಯಾರೂ ಮುಚ್ಚುವುದಿಲ್ಲ. ವಿಂಡೋಸ್ 11 ಹಾಕಿಕೊಳ್ಳಿ ಎನ್ನುತ್ತದೆ ಕಂಪನಿ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದು ಅಥವಾ ಈಚಿನದಾಗಿರಬೇಕು. ಅದಕ್ಕಿಂತ ಹಳೆಯದಾದರೆ ಕಂಪ್ಯೂಟರ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಲೆಕ್ಕಕ್ಕಿಲ್ಲ. ದಾನಿಗಳು ಕೊಟ್ಟ ಸೆಕೆಂಡ್ ಹ್ಯಾಂಡ್ ಯಂತ್ರಗಳಿಂದಲೇ ಲ್ಯಾಬ್ ಕಟ್ಟಿಕೊಂಡ ಶಾಲೆಗಳಿಗೆ ಹೊಡೆತ ಬಿದ್ದಿರುವುದು ಇಲ್ಲೇ.

ದುಡ್ಡು ಕೊಟ್ಟು ಅಪ್‌ಡೇಟ್ ಪಡೆಯುವ ದಾರಿಯೂ ಇದೆ. ಶಿಕ್ಷಣ ಸಂಸ್ಥೆಗಳಿಗೆ ಕಂಪ್ಯೂಟರ್ ಒಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4 ಡಾಲರ್. ಇಪ್ಪತ್ತು ಕಂಪ್ಯೂಟರ್ ಇರುವ ಲ್ಯಾಬ್‌ಗೆ ಮೂರು ವರ್ಷಕ್ಕೆ 140 ಡಾಲರ್, ಅಂದರೆ ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು. ಇದೇನೂ ದೊಡ್ಡ ಮೊತ್ತವಲ್ಲ. ಆದರೆ ಇದು ಸಿಗುವುದು ಅಧಿಕೃತ ಪರವಾನಗಿ ಇರುವ ಯಂತ್ರಗಳಿಗೆ ಮಾತ್ರ, ಅದೂ 2028ರ ಅಕ್ಟೋಬರ್‌ವರೆಗೆ.

ಇನ್ನೊಂದು ಕಡೆ ಲಿನಕ್ಸ್ ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರಗಳಲ್ಲೂ ಓಡುತ್ತದೆ. ಹಾಗಿದ್ದರೂ ಶಾಲೆಗಳು ಯಾಕೆ ಸುಲಭವಾಗಿ ಬದಲಾಗುವುದಿಲ್ಲ? ಅಭ್ಯಾಸ, ಸೋಮಾರಿತನ ಅಂತ ಹೇಳಿ ಮುಗಿಸಿಬಿಡುವವರಿದ್ದಾರೆ. ಅದು ಸರಿಯಾದ ಉತ್ತರ ಅಲ್ಲ. ಶಾಲೆಯನ್ನು ಕಟ್ಟಿಹಾಕಿರುವುದು ವಿಂಡೋಸ್‌ಗಿಂತ ಹೆಚ್ಚಾಗಿ ಅದರ ಮೇಲೆ ಕೂತಿರುವ ಪಾಠದ ತಂತ್ರಾಂಶ, ಪಠ್ಯಪುಸ್ತಕ, ಪರೀಕ್ಷೆ ಮತ್ತು ಫೈಲುಗಳು.

ಗಂಟು ಬೀಳುವ ಬಗೆ

ಒಂದು ಹೈಸ್ಕೂಲಿಗೆ ಹತ್ತು ಕಂಪ್ಯೂಟರ್ ಬಂತು ಅಂದುಕೊಳ್ಳಿ. ಜೊತೆಯಲ್ಲಿ ವಿಂಡೋಸ್ ಬಂದೇ ಬರುತ್ತದೆ. ಈ ಹಂತದಲ್ಲಿ ಗಂಟೇನೂ ಬಿದ್ದಿರುವುದಿಲ್ಲ. ಬೇಕಾದರೆ ಆ ದಿನವೇ ಬದಲಾಯಿಸಬಹುದು.

ಆಮೇಲೆ ವಿಜ್ಞಾನ, ಗಣಿತದ ಪಾಠಗಳಿರುವ ಸಿಡಿ ಬರುತ್ತದೆ. ಅದನ್ನು ಮಾಡಿದವರು ಜಾಸ್ತಿ ಜನ ಬಳಸುವ ವಿಂಡೋಸ್‌ಗೆಂದೇ ಮಾಡಿರುತ್ತಾರೆ. ಎರಡೆರಡು ಆವೃತ್ತಿ ಮಾಡಿದರೆ ಖರ್ಚೂ ಎರಡು ಪಟ್ಟು ಅಲ್ವಾ? ಶಿಕ್ಷಕರಿಗೆ ತರಬೇತಿಯೂ ಆ ಸಿಡಿ, ಆ ವರ್ಡ್, ಆ ಪವರ್‌ಪಾಯಿಂಟ್ ಮೇಲೆಯೇ ನಡೆಯುತ್ತದೆ. ಮೈಕ್ರೋಸಾಫ್ಟ್ ಭಾರತದಲ್ಲಿ 'ಪ್ರಾಜೆಕ್ಟ್ ಶಿಕ್ಷಾ' ಹೆಸರಿನಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದು ಬರೀ ಸಮಾಜಸೇವೆಯೂ ಅಲ್ಲ, ಬರೀ ವ್ಯಾಪಾರವೂ ಅಲ್ಲ. ಎರಡೂ ಹೌದು. ಕಲಿತ ಶಿಕ್ಷಕರಿಗೆ ಅದರಿಂದ ಉಪಯೋಗವಾಗಿದ್ದು ನಿಜ. ಅವರು ಮುಂದೆ ತಮ್ಮ ಮಕ್ಕಳಿಗೆ ಅದನ್ನೇ ಕಲಿಸಿದ್ದೂ ನಿಜ.

ಮೂರನೆಯದಾಗಿ ಪಠ್ಯಪುಸ್ತಕ. 'ಸ್ಟಾರ್ಟ್ ಬಟನ್ ಒತ್ತಿ, ಪ್ರೋಗ್ರಾಮ್ಸ್‌ಗೆ ಹೋಗಿ, ಪೇಂಟ್ ತೆರೆಯಿರಿ' ಎಂಬ ಸಾಲು ಒಮ್ಮೆ ಪುಸ್ತಕದಲ್ಲಿ ಅಚ್ಚಾಯಿತೋ, ಪರೀಕ್ಷೆಯಲ್ಲಿ ಪ್ರಶ್ನೆಯೂ ಅದರ ಮೇಲೆಯೇ ಬರುತ್ತದೆ. ಮಗು ಬೇರೆ ತಂತ್ರಾಂಶದಲ್ಲಿ ಚಿತ್ರ ಬಿಡಿಸಲು ಕಲಿತರೂ ಅಂಕ ಸಿಗುವುದು ಪೇಂಟ್‌ನ ಮೆನು ನೆನಪಿದ್ದರೆ ಮಾತ್ರ.

ಕೊನೆಗೆ ಟೆಂಡರ್. ಹೊಸ ಕಂಪ್ಯೂಟರ್ ಬೇಕಾದಾಗ ಹಳೆಯ ಸಿಡಿ ಓಡಬೇಕು, ಹಳೆಯ ಫೈಲು ತೆರೆಯಬೇಕು, ಪುಸ್ತಕದಲ್ಲಿರುವಂತೆಯೇ ಕಾಣಬೇಕು. ಹಾಗಾಗಿ ಟೆಂಡರ್‌ನಲ್ಲಿ 'ವಿಂಡೋಸ್ ಸಮೇತ' ಎಂಬ ಷರತ್ತು ತಾನಾಗಿ ಸೇರಿಕೊಳ್ಳುತ್ತದೆ. ಇದರ ಹಿಂದೆ ಪಿತೂರಿ ಏನೂ ಇರಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ತೀರ್ಮಾನವನ್ನೇ ತೆಗೆದುಕೊಂಡಿರುತ್ತಾರೆ. ಎಲ್ಲ ಸೇರಿ ಶಾಲೆಯ ಕೈ ಕಟ್ಟಿರುತ್ತದೆ.

ಇದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಮ್ಮ ದೇಶದ ಕಾಲೇಜು ಲ್ಯಾಬ್‌ಗಳ ಟರ್ಬೊ ಸಿ++ ನೋಡಿದರೆ ಸಾಕು. ಬೋರ್ಲ್ಯಾಂಡ್ ಕಂಪನಿಯ ಈ ನೀಲಿ ಪರದೆಯ, ಪ್ರೋಗ್ರಾಂ ಬರೆಯುವ ತಂತ್ರಾಂಶ 1990ರ ದಶಕದ ಆರಂಭದ್ದು, ವಿಂಡೋಸ್‌ಗಿಂತ ಹಳೆಯ ಆಪರೇಟಿಂಗ್ ಸಿಸ್ಟಂ ಡಾಸ್ ಕಾಲದ್ದು. 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದೇ ಇಲ್ಲ. ಆದರೂ ಲ್ಯಾಬ್ ಮ್ಯಾನುಯಲ್‌ನಲ್ಲಿರುವ ಪ್ರೋಗ್ರಾಮುಗಳು ಅದಕ್ಕೆಂದೇ ಬರೆದವು. ಪರದೆ ಅಳಿಸುವ ಆಜ್ಞೆಯಿಂದ ಹಿಡಿದು ಗ್ರಾಫಿಕ್ಸ್‌ವರೆಗೆ ಎಲ್ಲವೂ ಹಾಗೆಯೇ ಇವೆ. ಆದ್ದರಿಂದ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶ ಹಾಕಿ, ಹೊಸ ಕಂಪ್ಯೂಟರ್‌ನೊಳಗೆ ಹಳೆಯ ಕಂಪ್ಯೂಟರ್‌ನ ವೇಷ ಹಾಕಿಸಿ, ಮೂರು ದಶಕದ ಹಿಂದಿನ ಪಾಠವನ್ನು ಮಕ್ಕಳಿಂದ ಮಾಡಿಸಿದ ಲ್ಯಾಬ್‌ಗಳು ಎಷ್ಟೋ. ಟರ್ಬೊ ಸಿ ಮಾಡಿದ ಕಂಪನಿ ಇದಕ್ಕಾಗಿ ಯಾರನ್ನೂ ಒತ್ತಾಯಿಸಿರಲಿಲ್ಲ. ಸಿಲಬಸ್ಸೇ ಸಾಕಾಯಿತು.

ವಿಂಡೋಸ್‌ಗಿಂತ ಹಳೆಯ ಕಥೆ

ಮೈಕ್ರೋಸಾಫ್ಟ್ ಒಂದನ್ನೇ ಬೈದರೆ ವಿಷಯ ಅರ್ಥವಾಗುವುದಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಎಂಇಸಿಸಿ ಎಂಬ ಸರ್ಕಾರಿ ಸಂಸ್ಥೆ ಶಾಲೆಗಳಿಗೆ ಪಾಠದ ತಂತ್ರಾಂಶ ಮಾಡುತ್ತಿತ್ತು. 1978ರಲ್ಲಿ ಅದು ತನ್ನ ಶಾಲೆಗಳಿಗೆ ಆಪಲ್ 2 ಕಂಪ್ಯೂಟರನ್ನು ಆರಿಸಿಕೊಂಡಿತು. ತಂತ್ರಾಂಶವೂ ಅದಕ್ಕೇ ತಯಾರಾಯಿತು. ಬೇರೆ ರಾಜ್ಯಗಳ ಶಾಲೆಗಳಿಗೆ ಆ ತಂತ್ರಾಂಶ ಬೇಕೆನಿಸಿತು, ಅದು ಓಡಲು ಆಪಲ್ 2 ಬೇಕಾಯಿತು. 1980ರ ದಶಕದ ಆರಂಭದಲ್ಲಿ ಆಪಲ್ ಕಂಪನಿ ತೆರಿಗೆ ರಿಯಾಯಿತಿ ಪಡೆದು ಕ್ಯಾಲಿಫೋರ್ನಿಯಾದ ಸುಮಾರು 9,000 ಶಾಲೆಗಳಿಗೆ ಒಂದೊಂದು ಕಂಪ್ಯೂಟರ್ ದಾನ ಮಾಡಿತು. ಒಂದು ಬಂದ ಮೇಲೆ ಎರಡನೆಯದು ಯಾವುದು ಅನ್ನುವ ಪ್ರಶ್ನೆಯೇ ಇರಲಿಲ್ಲ.

ಬ್ರಿಟನ್‌ನಲ್ಲಿ ಇದೇ ಜಾಗದಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಇತ್ತು. 1986ರಲ್ಲಿ ಬಿಬಿಸಿ 'ಡೂಮ್ಸ್‌ಡೇ' ಎಂಬ ದೊಡ್ಡ ಯೋಜನೆ ಮಾಡಿತು. ದೇಶದ ಶಾಲಾ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ವಿವರ, ಚಿತ್ರ ಬರೆದು ಕಳಿಸಿದರು. ಎಲ್ಲವನ್ನೂ ಲೇಸರ್ ಡಿಸ್ಕ್‌ಗೆ ತುಂಬಿದರು. ಅದನ್ನು ನೋಡಲು ಒಂದು ನಿರ್ದಿಷ್ಟ ಬಿಬಿಸಿ ಕಂಪ್ಯೂಟರು, ಒಂದು ನಿರ್ದಿಷ್ಟ ಪ್ಲೇಯರ್ ಎರಡೂ ಬೇಕಿತ್ತು. 2000ದ ಹೊತ್ತಿಗೆ ಅಂಥ ಯಂತ್ರಗಳು ಸಿಗುವುದೇ ಅಪರೂಪವಾಗಿ, ವಿಶ್ವವಿದ್ಯಾಲಯದ ಸಂಶೋಧಕರು ಕೂತು ಡಿಸ್ಕಿನ ಒಳಗಿದ್ದುದನ್ನು ಹೊರತೆಗೆಯಬೇಕಾಯಿತು. ಆ ಯೋಜನೆಗೆ ಹೆಸರು ಕೊಟ್ಟ, ಇಂಗ್ಲೆಂಡಿನ ಊರು, ಜಮೀನುಗಳ ಲೆಕ್ಕವಿರುವ 1086ರ ಮೂಲ ಡೂಮ್ಸ್‌ಡೇ ಪುಸ್ತಕವನ್ನು ಇವತ್ತಿಗೂ ಬಿಡಿಸಿ ಓದಬಹುದು.

ನಮಗೆ ಹತ್ತಿರದ ಉದಾಹರಣೆ ಬ್ರೌಸರ್‌ನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಓಡದಂತೆ ಬಾಗಿಲು ಹಾಕಿಕೊಂಡಿತು. ಹೃದಯ ಬಡಿಯುವ, ಗ್ರಹ ಸುತ್ತುವ ಎಷ್ಟೋ ಪಾಠಗಳು ಒಂದೇ ಏಟಿಗೆ ಸತ್ತವು.

ಪುಕ್ಕಟೆ ಕೊಡ್ತೀವಿ ಅಂದಾಗ ಬೇಡ ಅಂದ ನ್ಯಾಯಾಲಯ

ಶಾಲೆಗೆ ಉಚಿತವಾಗಿ ಕೊಟ್ಟರೆ ಯಾರಿಗೆ ಏನು ನಷ್ಟ ಅಂತ ಕೇಳುವವರಿಗೆ 2001ರ ಒಂದು ಪ್ರಕರಣ ಒಳ್ಳೆಯ ಪಾಠ. ಅಮೆರಿಕದಲ್ಲಿ ಗ್ರಾಹಕರು ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ದಾವೆಗಳನ್ನು ಹೂಡಿದ್ದರು. ರಾಜಿಗಾಗಿ ಕಂಪನಿ ಒಂದು ಪ್ರಸ್ತಾಪ ಇಟ್ಟಿತು: ದೇಶದ ಬಡ ಶಾಲೆಗಳಿಗೆ ಸುಮಾರು 100 ಕೋಟಿ ಡಾಲರ್ ಮೌಲ್ಯದ ತಂತ್ರಾಂಶ, ಕಂಪ್ಯೂಟರ್, ತರಬೇತಿ ಕೊಡುತ್ತೇವೆ. ಕೇಳಲು ಚೆನ್ನಾಗಿಯೇ ಇತ್ತು. ಆಪಲ್ ತಕರಾರು ತೆಗೆಯಿತು. ಲಿನಕ್ಸ್ ಕಂಪನಿಯಾದ ರೆಡ್ ಹ್ಯಾಟ್ ಇನ್ನೂ ಚುರುಕಾದ ಮಾತು ಹೇಳಿತು: ನೀವು ಆ ದುಡ್ಡನ್ನೆಲ್ಲ ಯಂತ್ರಗಳಿಗೆ ಹಾಕಿ, ತಂತ್ರಾಂಶ ನಾವು ಪುಕ್ಕಟೆ ಕೊಡುತ್ತೇವೆ. 2002ರ ಜನವರಿಯಲ್ಲಿ ನ್ಯಾಯಾಧೀಶ ಫ್ರೆಡರಿಕ್ ಮೋಟ್ಸ್ ಈ ರಾಜಿಯನ್ನು ತಳ್ಳಿಹಾಕಿದರು. ಶಾಲೆಗಳ ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ಗೆ ಇದರಿಂದ ಅನುಚಿತ ಲಾಭವಾಗಬಹುದು ಎಂಬ ಚಿಂತೆಯೂ ಅದರ ಹಿಂದಿತ್ತು. ಏಕಸ್ವಾಮ್ಯದ ತಪ್ಪಿಗೆ ಶಿಕ್ಷೆಯಾಗಿ ಇನ್ನಷ್ಟು ಮಾರುಕಟ್ಟೆ ಕೊಟ್ಟಂತೆ ಆಗುತ್ತಿತ್ತಲ್ಲ!

ಬ್ರಿಟನ್‌ನಲ್ಲಿ ಶಾಲೆಗಳಿಗೆ ತಂತ್ರಜ್ಞಾನದ ಸಲಹೆ ಕೊಡುತ್ತಿದ್ದ ಸರ್ಕಾರಿ ಸಂಸ್ಥೆ ಬೆಕ್ಟಾ 2007ರಲ್ಲಿ ಸ್ಪರ್ಧಾ ನಿಯಂತ್ರಕರಿಗೆ ದೂರು ಕೊಟ್ಟಿತು. ಶಾಲೆಗಳ ಜೊತೆಗಿನ ಚಂದಾ ಒಪ್ಪಂದದಲ್ಲಿ, ಬೇರೆ ತಂತ್ರಾಂಶ ಓಡುವ ಕಂಪ್ಯೂಟರ್‌ಗಳಿಗೂ ಮೈಕ್ರೋಸಾಫ್ಟ್‌ಗೆ ಹಣ ಕಟ್ಟಬೇಕಾಗುತ್ತಿತ್ತು ಎಂಬುದು ಅದರ ತಕರಾರುಗಳಲ್ಲಿ ಒಂದು. ನಾಲ್ಕು ಯಂತ್ರಗಳಲ್ಲಿ ಲಿನಕ್ಸ್ ಹಾಕಿ ನೋಡೋಣ ಅಂದುಕೊಂಡ ಶಾಲೆಗೆ ಉಳಿತಾಯ ಸೊನ್ನೆ. ಹಾಗಿದ್ದರೆ ಯಾರು ಪ್ರಯೋಗ ಮಾಡುತ್ತಾರೆ?

ರಷ್ಯಾದಲ್ಲಿ ವಿಷಯ ಪೊಲೀಸ್ ಠಾಣೆಗೇ ಹೋಯಿತು. ಪೆರ್ಮ್ ಪ್ರಾಂತ್ಯದ ಸೆಪಿಚ್ ಎಂಬ ಹಳ್ಳಿಯ ಹೆಡ್‌ಮಾಸ್ಟರ ಮೇಲೆ, ಶಾಲೆಯ ಹನ್ನೆರಡು ಕಂಪ್ಯೂಟರ್‌ಗಳಲ್ಲಿ ನಕಲಿ ವಿಂಡೋಸ್ ಇದೆ ಎಂದು ಕೇಸು ಬಿತ್ತು. ಮಾರಿದವರೇ ಹಾಕಿಕೊಟ್ಟಿದ್ದರು ಅಂದರು ಅವರು. 2007ರಲ್ಲಿ ಸೋವಿಯತ್ ಒಕ್ಕೂಟದ ಮಾಜಿ ಅಧ್ಯಕ್ಷ ಮಿಖಾಯಿಲ್ ಗೋರ್ಬಚೆವ್ ಅವರೇ ಬಿಲ್ ಗೇಟ್ಸ್‌ಗೆ ಬಹಿರಂಗ ಪತ್ರ ಬರೆದರು. ಹೆಡ್‌ಮಾಸ್ಟರಿಗೆ ಮೊದಲು ದಂಡ ಬಿತ್ತು, 2008ರ ಕೊನೆಗೆ ಖುಲಾಸೆ ಆಯಿತು. ಅದೇ ಸಮಯದಲ್ಲಿ ಸರ್ಕಾರ ಮೂರು ಪ್ರಾಂತ್ಯಗಳ ಶಾಲೆಗಳಲ್ಲಿ ಲಿನಕ್ಸ್ ಪ್ರಯೋಗ ಶುರು ಮಾಡಿತು. ಗಲಾಟೆ ತಣ್ಣಗಾದ ಹಾಗೆ ಪ್ರಯೋಗದ ಬಿಸಿಯೂ ಇಳಿಯಿತು. ಸಿಟ್ಟಿನಿಂದ ಆಪರೇಟಿಂಗ್ ಸಿಸ್ಟಂ ಬದಲಾಯಿಸಬಹುದು, ಪಾಠ ಬದಲಾಗುವುದಿಲ್ಲ.

ಕನ್ನಡ ಪ್ರಶ್ನೆಪತ್ರಿಕೆಯ ಸಿಕ್ಕು

ಕರ್ನಾಟಕದ ಶಾಲೆಗಳಿಗೆ ಇದರ ಮೇಲೆ ಇನ್ನೊಂದು ಸಿಕ್ಕು ಇದೆ. ಹೊರಗಿನ ಯಾವ ಕಂಪನಿಯೂ ಹಾಕಿದ್ದಲ್ಲ, ನಾವೇ ಹಾಕಿಕೊಂಡಿದ್ದು.

ಎರಡು ದಶಕದ ಹಿಂದೆ ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ 'ನುಡಿ' ತಂತ್ರಾಂಶ ತಂದಿತು. ಅದಕ್ಕೂ ಮೊದಲೇ 'ಬರಹ' ಬಂದಿತ್ತು. ಇವು ಇಲ್ಲದಿದ್ದರೆ ಕಚೇರಿ, ಶಾಲೆಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಬೇಗ ಹರಡುತ್ತಲೇ ಇರಲಿಲ್ಲ. ಆ ಋಣ ದೊಡ್ಡದು. ಆದರೆ ಎರಡೂ ವಿಂಡೋಸ್‌ಗಾಗಿ ಮಾಡಿದವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆ ಹಬ್ಬುವ ಮುಂಚೆ ಅವು ಹಿಡಿದ ದಾರಿ ಬೇರೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ತಲೆ ಮೇಲೆ ಚುಕ್ಕೆ, ಗೀಟು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಕಂಪ್ಯೂಟರ್‌ನ ಮಟ್ಟಿಗೆ ಆ ಫೈಲಿನಲ್ಲಿ ಕನ್ನಡ ಇಲ್ಲವೇ ಇಲ್ಲ.

ಈಗ ಒಬ್ಬ ವಿಜ್ಞಾನದ ಮೇಷ್ಟ್ರನ್ನು ಕಣ್ಣ ಮುಂದೆ ತಂದುಕೊಳ್ಳಿ. ಹದಿನೈದು ವರ್ಷದ ಕಿರುಪರೀಕ್ಷೆ, ಅರ್ಧವಾರ್ಷಿಕ ಪ್ರಶ್ನೆಪತ್ರಿಕೆಗಳು ಅವರ ಪೆನ್‌ಡ್ರೈವ್‌ನಲ್ಲಿವೆ, ಎಲ್ಲ ಹಳೆಯ ನುಡಿ ಫಾಂಟ್‌ನಲ್ಲಿ, ವರ್ಡ್ ಫೈಲಿನಲ್ಲಿ. ಲ್ಯಾಬ್‌ಗೆ ಲಿನಕ್ಸ್ ಹಾಕಿಸಿದರು. ಫಾಂಟ್ ಹಾಕಿಕೊಂಡರೆ ಫೈಲು ಓದಲು ಬರುತ್ತದೆ. ಆದರೆ ಒಂದು ಪ್ರಶ್ನೆ ತಿದ್ದಲು ಹೋದರೆ ಆ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸುವ ನುಡಿ ತಂತ್ರಾಂಶ ಅಲ್ಲಿಲ್ಲ. ಸರಿ, ಯೂನಿಕೋಡ್‌ಗೆ ಪರಿವರ್ತಿಸೋಣ ಅಂತ ಎಲ್ಲ ಪಠ್ಯವನ್ನು ಪರಿವರ್ತಕಕ್ಕೆ ಸುರಿದರೆ ಕನ್ನಡ ಸರಿಯಾಗಿಯೇ ಬರುತ್ತದೆ, ನಡುವೆ ಇದ್ದ ಇಂಗ್ಲಿಷ್ ಕೆಡುತ್ತದೆ. ನೀರಿನ ಸೂತ್ರ 'ಎಚ್2ಓ' ಹೋಗಿ 'ಊ2ಔ' ಆಗುತ್ತದೆ. ಯಾಕೆಂದರೆ ಆ ಹಳೆಯ ವ್ಯವಸ್ಥೆಯಲ್ಲಿ 'ಎಚ್' ಜಾಗದಲ್ಲಿ ಕೂತಿರುವುದು ಊ, 'ಓ' ಜಾಗದಲ್ಲಿರುವುದು ಔ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಕೂತು ಒಂದೊಂದಾಗಿ ತಿದ್ದುವ ವ್ಯವಧಾನ ಯಾರಿಗಿದೆ? ಮೇಷ್ಟ್ರು 'ಹಳೇದೇ ಹಾಕಿಕೊಡಿ' ಅಂದರೆ ಅವರನ್ನು ಹಠಮಾರಿ ಅನ್ನುವುದು ಅನ್ಯಾಯ.

ಬೇಸರದ ಸಂಗತಿ ಏನೆಂದರೆ ಈ ಸಿಕ್ಕಿಗೆ ತಾಂತ್ರಿಕ ಕಾರಣ ಈಗ ಉಳಿದಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೇ ಕನ್ನಡ ಯೂನಿಕೋಡ್ ಇದೆ. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಅಷ್ಟೇ ಅಲ್ಲ, ನುಡಿ ಬಳಸುವವರ ಬೆರಳಿಗೆ ಅಭ್ಯಾಸವಾಗಿರುವ, ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಸೇರಿದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಎಷ್ಟು ಶಿಕ್ಷಕರಿಗೆ ಈ ಮಾತು ತಲುಪಿದೆ ಅನ್ನುವುದು ಬೇರೆ ವಿಷಯ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ 'ನುಡಿಯಲ್ಲಿ ಕಳಿಸಿ ಸಾರ್' ಅನ್ನುವುದುಂಟು. ಅಲ್ಲಿನ ಪೇಜ್‌ಮೇಕರ್‌ನ ಹಳೆಯ ಆವೃತ್ತಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹೀಗೆ ಶಾಲೆಯ ಆಪರೇಟಿಂಗ್ ಸಿಸ್ಟಂ ಯಾವುದು ಅನ್ನುವುದನ್ನು ಪೇಟೆಯ ಮೂಲೆಯ ಒಂದು ಪ್ರಿಂಟಿಂಗ್ ಅಂಗಡಿಯೂ ತೀರ್ಮಾನಿಸಿಬಿಡುತ್ತದೆ.

ಕೇರಳ ಮೊದಲು ಮುಟ್ಟಿದ್ದು ಪುಸ್ತಕವನ್ನು

ಈ ಚರ್ಚೆ ಬಂದಾಗಲೆಲ್ಲ ಕೇರಳದ ಹೆಸರು ಬರುತ್ತದೆ. ಬರಲೇಬೇಕು. ಆದರೆ ಅದನ್ನು ಹೇಳುವ ರೀತಿ ಸಾಮಾನ್ಯವಾಗಿ ತಪ್ಪು.

2019ರಲ್ಲಿ ಅಲ್ಲಿನ ಶಾಲಾ ತಂತ್ರಜ್ಞಾನ ಸಂಸ್ಥೆ 'ಕೈಟ್' ಒಂದು ಲೆಕ್ಕ ಕೊಟ್ಟಿತು: ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿದ್ದರಿಂದ 3,000 ಕೋಟಿ ರೂಪಾಯಿ ಉಳಿತಾಯ. ಪತ್ರಿಕೆಗಳು ಅದನ್ನೇ ತಲೆಬರಹ ಮಾಡಿದವು. ಭಾಗಾಕಾರ ಮಾಡಿ ನೋಡಿ, ಒಂದು ಕಂಪ್ಯೂಟರ್‌ಗೆ ಒಂದೂವರೆ ಲಕ್ಷ ಆಗುತ್ತದೆ. ಯಾವ ಸರ್ಕಾರಿ ಶಾಲೆಯೂ ಒಂದು ಯಂತ್ರದ ತಂತ್ರಾಂಶಕ್ಕೆ ಅಷ್ಟು ಕೊಡುವುದಿಲ್ಲ. ಲಿನಕ್ಸ್‌ನಲ್ಲಿರುವ ಪ್ರತಿಯೊಂದು ತಂತ್ರಾಂಶಕ್ಕೂ ಸಮನಾದ ಖಾಸಗಿ ತಂತ್ರಾಂಶವನ್ನು ಕೊಂಡರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕ ಅದು. ಶಿಕ್ಷಣದ ರಿಯಾಯಿತಿ ಹಿಡಿದರೆ ಅಂಕಿ ತುಂಬಾ ಇಳಿಯುತ್ತದೆ. ಉಳಿತಾಯ ಸುಳ್ಳಲ್ಲ, ಆದರೆ ಕೇರಳದ ಸಾಧನೆ ಅದಲ್ಲ.

ಅಲ್ಲಿ 2001-02ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುವಾದಾಗ ಅಲ್ಲಿಯ ಮೊದಲ ಪಠ್ಯಪುಸ್ತಕವೂ ಮೈಕ್ರೋಸಾಫ್ಟ್ ತಂತ್ರಾಂಶಗಳ ಸುತ್ತಲೇ ಇತ್ತು. ಶಿಕ್ಷಕರ ಸಂಘ ಕೆಎಸ್‌ಟಿಎ ಮತ್ತು ಸ್ವತಂತ್ರ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಲಿನಕ್ಸ್‌ನಂಥ ತಂತ್ರಾಂಶ) ಕಾರ್ಯಕರ್ತರು ಇದನ್ನು ವಿರೋಧಿಸಿದರು. ಗಮನಿಸಿ, ವಿರೋಧ ಬಂದದ್ದು ಪುಸ್ತಕದ ಮೇಲೆ. ಆಮೇಲೆ ಪಠ್ಯ ಬದಲಾಯಿತು, ಅದಕ್ಕೆ ತಕ್ಕ ಹಾಗೆ ತರಬೇತಿ ಬದಲಾಯಿತು. ಕೆಲವು ವರ್ಷ ವಿಂಡೋಸ್, ಲಿನಕ್ಸ್ ಎರಡೂ ಜೊತೆಗೆ ನಡೆದು, ನಂತರ ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಪೂರ್ತಿ ಲಿನಕ್ಸ್ ಮೇಲೆ ನಡೆಯತೊಡಗಿತು. ಪರೀಕ್ಷೆ ಬದಲಾದ ದಿನ ಲ್ಯಾಬ್ ಕೂಡ ಬದಲಾಗಲೇಬೇಕಾಯಿತು. ಮಾತೃಭಾಷೆಯ ವಿಷಯದಲ್ಲೂ ಅಷ್ಟೇ. ಮಲಯಾಳಂ ಯೂನಿಕೋಡ್ ಫಾಂಟ್‌ಗಳು, ಟೈಪಿಂಗ್ ವ್ಯವಸ್ಥೆ ಆ ಲಿನಕ್ಸ್ ಜೊತೆಗೇ ಬರುತ್ತಿದ್ದವು.

ಇನ್ನೊಂದು ಮುಖ್ಯ ಸಂಗತಿ, ಕಲಿಸಿದವರು ಶಾಲೆಯ ಶಿಕ್ಷಕರೇ. ಪ್ರತಿ ಹೈಸ್ಕೂಲಿನಲ್ಲೂ ಐಟಿ ಸಂಯೋಜಕರಾಗಿ ಒಬ್ಬ ಶಿಕ್ಷಕರಿದ್ದರು. ಗಣಿತದ ಶಿಕ್ಷಕಿಗೆ ಜಿಯೋಜೀಬ್ರಾ, ರಸಾಯನಶಾಸ್ತ್ರದವರಿಗೆ ಕಾಲ್ಸಿಯಂ, ಸಣ್ಣ ಮಕ್ಕಳಿಗೆ ಜಿಕಾಂಪ್ರಿ, ಟಕ್ಸ್ ಪೇಂಟ್ ಹೀಗೆ ವಿಷಯಕ್ಕೆ ತಕ್ಕ ತಂತ್ರಾಂಶ ಕೊಟ್ಟರು. ಇವುಗಳಲ್ಲಿ ಜಿಯೋಜೀಬ್ರಾದಂಥವು ವಿಂಡೋಸ್‌ನಲ್ಲೂ ಓಡುತ್ತವೆ. ಪಾಠವನ್ನು ಎಲ್ಲ ಕಡೆ ಓಡುವ ತಂತ್ರಾಂಶದ ಮೇಲೆ ಕಟ್ಟಿದರೆ, ಅಡಿಯಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಅನ್ನುವುದು ಸಣ್ಣ ಪ್ರಶ್ನೆಯಾಗಿಬಿಡುತ್ತದೆ.

ಅದೇ ಕಾಲದಲ್ಲಿ ಕರ್ನಾಟಕ ಹಿಡಿದದ್ದು ಹೊರಗುತ್ತಿಗೆಯ ದಾರಿ. ಖಾಸಗಿ ಕಂಪನಿ ಲ್ಯಾಬ್ ಕಟ್ಟಬೇಕು, ತನ್ನದೇ ಬೋಧಕರನ್ನು ಇಟ್ಟು ಐದು ವರ್ಷ ನಡೆಸಬೇಕು, ಆಮೇಲೆ ಶಾಲೆಗೆ ಬಿಟ್ಟುಕೊಡಬೇಕು. ಕಂಪನಿಯ ಬೋಧಕರು ಹೋದ ದಿನ ಲ್ಯಾಬ್‌ನ ಬಗ್ಗೆ ತಿಳಿದವರೂ ಹೋದರು. ಕೀಲಿ ಹೆಡ್‌ಮಾಸ್ಟರ ಡ್ರಾಯರ್ ಸೇರಿತು. ಆದರೂ ಇಲ್ಲಿ ಏನೂ ಆಗಲಿಲ್ಲ ಅನ್ನುವಂತಿಲ್ಲ. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಹೈಸ್ಕೂಲುಗಳ ಶಿಕ್ಷಕರು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು, ಜೊತೆಗೆ ಜಿಯೋಜೀಬ್ರಾ ಕಲಿತರು, ಕನ್ನಡದಲ್ಲೇ ಮುಕ್ತ ಸಂಪನ್ಮೂಲ ತಾಣ ಕಟ್ಟಿದರು. ಕಲಿತವರಿಗೆ ಲಿನಕ್ಸ್ ಕಷ್ಟವಾಗಲಿಲ್ಲ. ಆದರೆ ಪರೀಕ್ಷೆ ಅದರ ಮೇಲೆ ನಿಂತಿರಲಿಲ್ಲ. ಹಾಗಾಗಿ ಅದು ಆಸಕ್ತಿ ಇದ್ದವರ ಕೆಲಸವಾಗಿ ಉಳಿಯಿತು.

ವಿಂಡೋಸೇ ಇರಲಿ ಅನ್ನುವವರ ವಾದ

'ಹೊರಗೆ ಕೆಲಸ ಸಿಗುವುದು ವಿಂಡೋಸ್ ಗೊತ್ತಿದ್ದರೆ, ಮಕ್ಕಳಿಗೆ ಬೇರೆ ಏನೋ ಕಲಿಸಿ ಯಾಕೆ ಮೋಸ ಮಾಡಬೇಕು?' ಇದು ಪೋಷಕರ ಪ್ರಶ್ನೆ. ಎಂಟನೇ ಕ್ಲಾಸಿನ ಮಗುವಿನ ಮಟ್ಟಿಗೆ ಇದಕ್ಕೆ ಅರ್ಥ ಕಡಿಮೆ. ವರ್ಡ್ 2003ರ ಮೆನು ಬಾಯಿಪಾಠ ಮಾಡಿದ ಮಕ್ಕಳು ಕೆಲಸಕ್ಕೆ ಸೇರುವ ಹೊತ್ತಿಗೆ ವರ್ಡ್ 2007 ಬಂದು ಮೆನುವೇ ಮಾಯವಾಗಿತ್ತು. ಮೆನು ಯಾವತ್ತೂ ನಿಲ್ಲುವುದಿಲ್ಲ.

ಆದರೆ ಕಾಮರ್ಸ್ ವಿದ್ಯಾರ್ಥಿಗೆ, ಐಟಿಐ ಹುಡುಗನಿಗೆ ಈ ವಾದ ಪೂರ್ತಿ ಸರಿ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸ್‌ಗೆ ಮಾಡಿದ ಲೆಕ್ಕಪತ್ರದ ತಂತ್ರಾಂಶ. ನಕ್ಷೆ ಬರೆಯುವ ಆಟೋಕ್ಯಾಡ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಗೊತ್ತಿಲ್ಲ ಅಂದರೆ ಒಳಗೆ ಬಿಡುವುದೂ ಕಷ್ಟ. ಇವರಿಗೆ ಸಿದ್ಧಾಂತ ಹೇಳಿ ವಿಂಡೋಸ್ ತಪ್ಪಿಸುವುದು ದಡ್ಡತನ.

ಲಿನಕ್ಸ್ ಪರ ಮಾತಾಡುವವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಗುಂಪಿದೆ, ಅಂಧ ಶಿಕ್ಷಕರು ಮತ್ತು ವಿದ್ಯಾರ್ಥಿಗಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಆದರೆ ಅದು ಓಡುವುದು ವಿಂಡೋಸ್‌ನಲ್ಲಿ ಮಾತ್ರ! ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ ಓರ್ಕಾ ಇದೆ. ಆದರೆ ಎನ್‌ವಿಡಿಎಯ ಕೀಲಿಗಳಿಗೆ ಬೆರಳು ಹೊಂದಿಕೊಂಡವರಿಗೆ ಅದು ಹೊಸದಾಗಿ ನಡೆಯಲು ಕಲಿತ ಹಾಗೆ. ಇಡೀ ಶಾಲೆಗೆ ಒಂದೇ ದಿನ ಲಿನಕ್ಸ್ ಹಾಕಿದರೆ ಮೊದಲು ತೊಂದರೆಗೆ ಸಿಕ್ಕುವವರು ಇವರೇ.

ಎಲ್ಲ ಬ್ರೌಸರ್‌ಗೆ ಬಂತಲ್ಲ, ಇನ್ನೇನು ಚಿಂತೆ?

ಇದು ಅರ್ಧ ಸತ್ಯ. ವಿದ್ಯಾರ್ಥಿಗಳ ದಾಖಲೆಯ ಎಸ್‌ಎಟಿಎಸ್, ಪಾಠಗಳ ದೀಕ್ಷಾ ಎಲ್ಲವೂ ಬ್ರೌಸರ್‌ನಲ್ಲೇ ತೆರೆಯುತ್ತವೆ. ಇಂಥ ಕೆಲಸಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಆದರೂ ಸರಿ. ವಿಂಡೋಸ್ ಬಿಡುವುದು ಹತ್ತು ವರ್ಷದ ಹಿಂದಿಗಿಂತ ಈಗ ಖಂಡಿತ ಸುಲಭ.

ಆದರೆ ಗಂಟು ಬಿಚ್ಚಿಕೊಂಡಿಲ್ಲ, ಜಾಗ ಬದಲಿಸಿದೆ. ಮೊದಲು ಯಂತ್ರದಲ್ಲಿತ್ತು, ಈಗ ಖಾತೆಯಲ್ಲಿದೆ. ಡೆನ್ಮಾರ್ಕ್‌ನ ಹೆಲ್ಸಿಂಗೋರ್ ನಗರದ ಶಾಲೆಗಳು ಗೂಗಲ್‌ನ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಮತ್ತು ಗೂಗಲ್ ಖಾತೆಗಳ ಮೇಲೆ ಪಾಠ ನಡೆಸುತ್ತಿದ್ದವು. ಮಕ್ಕಳ ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂದು ಒಬ್ಬ ಪೋಷಕರು ಎತ್ತಿದ ತಕರಾರಿನಿಂದ ಶುರುವಾಗಿ, 2022ರ ಜುಲೈನಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಅದರ ಬಳಕೆಯನ್ನೇ ನಿಷೇಧಿಸಿತು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತು. ಪುಸ್ತಕ, ಹೋಂವರ್ಕ್ ಎಲ್ಲ ಅದರೊಳಗೇ ಇದ್ದುದರಿಂದ ನಗರಸಭೆಗೆ ಕೈಕಾಲು ಆಡಲಿಲ್ಲ. ಸೆಪ್ಟೆಂಬರ್‌ನಲ್ಲಿ ನಿಷೇಧವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. 2024ರ ಜನವರಿಯಲ್ಲಿ ಪ್ರಾಧಿಕಾರ 53 ನಗರಸಭೆಗಳಿಗೆ ನಿಯಮಕ್ಕೆ ಬನ್ನಿ ಎಂದು ಆದೇಶ ಕೊಟ್ಟಿತು. ನಿಷೇಧಿಸುವ ಅಧಿಕಾರ ಇದ್ದರೂ ಜಾರಿಗೆ ತರಲು ತಿಣುಕಬೇಕಾಯಿತು.

ಕ್ರೋಮ್‌ಬುಕ್‌ಗಳಿಗೂ ವಿಂಡೋಸ್ 10ರಂತೆಯೇ ಕೊನೆಯ ದಿನಾಂಕ ಇದೆ. ಹಳೆಯವು ಬೇಗ ಮುಗಿಯುತ್ತಿದ್ದವು. ಶಾಲೆಗಳು ಗಲಾಟೆ ಮಾಡಿದ ಮೇಲೆ 2023ರಲ್ಲಿ ಗೂಗಲ್ ಅದನ್ನು ಹತ್ತು ವರ್ಷಕ್ಕೆ ಏರಿಸಿತು.

ಮುಂದೆ ಏನಾಗಬಹುದು

ಹೆಚ್ಚಿನ ಲ್ಯಾಬ್‌ಗಳಲ್ಲಿ ಸದ್ಯಕ್ಕೆ ಏನೂ ಆಗುವುದಿಲ್ಲ. ವಿಂಡೋಸ್ 10 ಹಾಗೇ ಓಡುತ್ತಿರುತ್ತದೆ. ಇಂಟರ್ನೆಟ್ ಇಲ್ಲದ ಲ್ಯಾಬ್‌ಗೆ ಅಪಾಯ ಕಡಿಮೆ, ಆದರೆ ಪೆನ್‌ಡ್ರೈವ್ ಓಡಾಡುವ ತನಕ ಅಪಾಯ ಇದ್ದೇ ಇದೆ. ಇಂಟರ್ನೆಟ್ ಇದ್ದು, ಅದೇ ಯಂತ್ರದಲ್ಲಿ ಮಕ್ಕಳ ಆಧಾರ್, ವಿದ್ಯಾರ್ಥಿವೇತನದ ಬ್ಯಾಂಕ್ ವಿವರ ತುಂಬುವ ಶಾಲೆ ಮಾತ್ರ ಸುಮ್ನೆ ಕೂರುವಂತಿಲ್ಲ. ಅಂಥ ಒಂದೆರಡು ಯಂತ್ರಕ್ಕೆ ತಕ್ಷಣ ದುಡ್ಡು ಕೊಟ್ಟಾದರೂ ಅಪ್‌ಡೇಟ್ ಪಡೆಯಬೇಕು, ಇಲ್ಲವೇ ಹೊಸದು ತರಬೇಕು.

ಇನ್ನು ಕೆಲವು ಶಾಲೆಗಳು ಯಾರೋ ಹಳೇ ವಿದ್ಯಾರ್ಥಿ ಉತ್ಸಾಹದಿಂದ ಬಂದು ಒಂದು ಭಾನುವಾರ ಎಲ್ಲ ಯಂತ್ರಗಳಿಗೂ ಲಿನಕ್ಸ್ ಹಾಕಿಹೋಗುವುದನ್ನು ನೋಡಲಿವೆ. ಅದರಲ್ಲಿ ಬಹುಪಾಲು ಆರು ತಿಂಗಳಲ್ಲಿ ಹಿಂದಿನ ಸ್ಥಿತಿಗೆ ಮರಳಿದರೆ ಆಶ್ಚರ್ಯವಿಲ್ಲ. ಪ್ರಿಂಟರ್ ಹಟ ಹಿಡಿಯುತ್ತದೆ, ಪ್ರಶ್ನೆಪತ್ರಿಕೆ ತಿದ್ದಲು ಆಗುವುದಿಲ್ಲ, ಉತ್ಸಾಹಿ ಹುಡುಗ ಫೋನ್ ಎತ್ತುವುದಿಲ್ಲ. ಆಮೇಲೆ 'ಲಿನಕ್ಸ್ ನಮ್ಮ ಶಾಲೆಗೆ ಆಗಲ್ಲ' ಎಂಬ ಮಾತು ಗಟ್ಟಿಯಾಗುತ್ತದೆ.

ಬದಲಾಗಲೇಬೇಕು ಅನ್ನುವ ಶಾಲೆ ಕೆಲಸವನ್ನು ಮೇಲಿನಿಂದ, ಅಂದರೆ ವಿಂಡೋಸ್ ಮೇಲೆ ಕೂತಿರುವ ತಂತ್ರಾಂಶದಿಂದ ಶುರು ಮಾಡಬೇಕು. ವಿಂಡೋಸ್ ಇದ್ದ ಹಾಗೇ ಇರಲಿ. ಅದರಲ್ಲೇ ವರ್ಡ್, ಪವರ್‌ಪಾಯಿಂಟ್ ಬದಲಿಗೆ ಲಿಬ್ರೆಆಫೀಸ್, ಜೊತೆಗೆ ಜಿಯೋಜೀಬ್ರಾ, ಫೈರ್‌ಫಾಕ್ಸ್ ಹಾಕಿ ಒಂದು ವರ್ಷ ಬಳಸಲಿ. ಹೊಸ ಪ್ರಶ್ನೆಪತ್ರಿಕೆಗಳೆಲ್ಲ ಯೂನಿಕೋಡ್‌ನಲ್ಲೇ ಬರಲಿ. ಹಳೆಯವನ್ನು ಬೇಕಾದಾಗ, ಬೇಕಾದಷ್ಟೇ ಪರಿವರ್ತಿಸಿಕೊಳ್ಳಲಿ. ಟ್ಯಾಲಿಗೆ, ಎನ್‌ವಿಡಿಎಗೆ ಎರಡೋ ಮೂರೋ ವಿಂಡೋಸ್ ಯಂತ್ರ ಶಾಶ್ವತವಾಗಿ ಉಳಿಯಲಿ. ವರ್ಷದ ಕೊನೆಗೆ ಮಿಕ್ಕ ಯಂತ್ರಗಳ ಅಡಿಪಾಯ ಬದಲಾಯಿಸಿದರೆ ಮಕ್ಕಳಿಗೆ ಬದಲಾದದ್ದು ವಾಲ್‌ಪೇಪರ್ ಮಾತ್ರ ಅನ್ನಿಸಬಹುದು.

ಆದರೆ ಪಠ್ಯಪುಸ್ತಕ ಮತ್ತು ಪರೀಕ್ಷೆ ಶಾಲೆಯ ಕೈಯಲ್ಲಿಲ್ಲ, ಇಲಾಖೆಯ ಕೈಯಲ್ಲಿವೆ. ಶಾಲಾ ಶಿಕ್ಷಣದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು ಕೇಂದ್ರದ 2012ರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ನೀತಿಯಲ್ಲೇ ಇದೆ. ಇದನ್ನು ಜಾರಿ ಮಾಡಲು ಹೊಸ ಕಾನೂನು ಬೇಕಾಗಿಲ್ಲ. ಮುಂದಿನ ಟೆಂಡರ್‌ನಲ್ಲಿ ಡಿಜಿಟಲ್ ಪಾಠ ಮಾರುವ ಕಂಪನಿಗಳಿಗೆ ಎರಡು ಷರತ್ತು ಹಾಕಿದರೆ ಸಾಕು: ಪಾಠ ಕನಿಷ್ಠ ಎರಡು ಆಪರೇಟಿಂಗ್ ಸಿಸ್ಟಂಗಳಲ್ಲಿ ಓಡಬೇಕು, ಒಪ್ಪಂದ ಮುಗಿದ ಮೇಲೂ ಶಾಲೆ ಅದನ್ನು ತೆರೆದು ತಿದ್ದಲು ಬರಬೇಕು. ದುಡ್ಡು ಕೊಟ್ಟು ಪಡೆಯುವ ಅಪ್‌ಡೇಟ್ 2028ಕ್ಕೆ ಮುಗಿಯುವುದರೊಳಗೆ ಕರೆಯುವ ಟೆಂಡರ್‌ಗಳಲ್ಲಿ ಈ ಷರತ್ತು ಸೇರಿದರೆ ಒಳ್ಳೆಯದು. ಸೇರದಿದ್ದರೆ ವಿಂಡೋಸ್ 11ರ ಬೆಂಬಲ ಮುಗಿಯುವಾಗಲೂ ಇದೇ ಪ್ರಶ್ನೆ, ಇದೇ ಓಡಾಟ.